ಇಳಿಜಾರಿನಲ್ಲಿ ನ್ಯೂಟ್ರಲ್

ಕನಕರಾಜು ಓಡಿಸಿದರೆ ಗಾಡಿ ಎಣ್ಣೆ ಕುಡಿಯುವುದಿಲ್ಲ, ಮೂಸಿ ನೋಡುತ್ತದೆ ಅಷ್ಟೆ ಎಂದು ಹುಣಸೂರಿನ ಡ್ರೈವರುಗಳ ನಡುವೆ ಒಂದು ಮಾತಿತ್ತು. ಕಟ್ಟಿದವರು ಅರ್ಧ ಹೊಟ್ಟೆಕಿಚ್ಚಿನಿಂದಲೇ ಕಟ್ಟಿದ್ದರು. ಆದರೆ ಮಾತು ಸುಳ್ಳಲ್ಲ. ಬೇರೆಯವರ ಕೈಯಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರು ಓಡಿ ಉಸ್ಸಪ್ಪಾ ಎನ್ನುವ ಡೀಸೆಲ್ ಪಿಕಪ್ಪು ಇವನ ಕೈಯಲ್ಲಿ ಹದಿನೈದು ದಾಟುತ್ತಿತ್ತು. ಇದರಲ್ಲಿ ಮಂತ್ರವೂ ಇಲ್ಲ, ಮಾಯವೂ ಇಲ್ಲ. ಇಳಿಜಾರು ಕಂಡರೆ ಸಾಕು, ಕನಕರಾಜುವಿನ ಎಡಗೈ ತಾನಾಗಿಯೇ ಗೇರಿನ ಮೇಲೆ ಹೋಗುತ್ತಿತ್ತು. ಗಾಡಿ ನ್ಯೂಟ್ರಲ್ಲಿಗೆ ಬಿದ್ದು, ಹೊರೆ ಇಳಿಸಿದ ಎತ್ತಿನ ಹಾಗೆ ಹಗುರಾಗಿ ಉರುಳುತ್ತಿತ್ತು.

ಈ ವಿದ್ಯೆ ಅವನಿಗೆ ಬಂದದ್ದು ಹರೆಯದಲ್ಲಿ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಲಾರಿಯಲ್ಲಿ ಕ್ಲೀನರಾಗಿದ್ದಾಗ. ಆ ಲಾರಿಯ ಮುದಿ ಡ್ರೈವರು ಬೀಡಿ ಕಚ್ಚಿಕೊಂಡು ಹೇಳುತ್ತಿದ್ದ: "ಏರು ಅತ್ತೋವಾಗ ಡೀಸೆಲ್ ಯಜಮಾನಂದು ಕಣ್ಲಾ. ಇಳಿಯೋವಾಗ ದ್ಯಾವ್ರುದು. ದ್ಯಾವ್ರು ಪುಕ್ಕಟೆ ಕೊಟ್ಟದ್ದ ಬ್ಯಾಡ ಅನ್ಬಾರ್ದು." ಹಾಗೆ ಓಡಿಸುವುದು ಅಪಾಯ, ಬ್ರೇಕು ಹಿಡಿಯುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಹೇಳಲಿ. ಎಣ್ಣೆಯ ಬೆಲೆ ಏರಿದಾಗ ತಿಳಿದವರು ಬಂದು ಹಾಕಿಸುವುದಿಲ್ಲವಲ್ಲ. ಕನಕರಾಜುವಂತೂ ಗುರುವಿನ ಮಾತನ್ನು ತಲೆಗಲ್ಲ, ಕೈಗೆ ಕಲಿಸಿದ್ದ. ತಲೆ ಮರೆಯುತ್ತದೆ, ಕೈ ಮರೆಯುವುದಿಲ್ಲ.

ಅವನು ಕೆಲಸಕ್ಕಿದ್ದದ್ದು ಚನ್ನಬಸವಣ್ಣನವರ ಶಾಮಿಯಾನದ ಅಂಗಡಿಯಲ್ಲಿ. ಮದುವೆಗೆ, ನಾಮಕರಣಕ್ಕೆ, ತಿಥಿಗೆ ಬೇಕಾದ ಶಾಮಿಯಾನ, ಕುರ್ಚಿ, ಕೊಪ್ಪರಿಗೆ, ಹಂಡೆ, ಅನ್ನ ಬಸಿಯುವ ತಟ್ಟೆ ಎಲ್ಲವನ್ನೂ ಹುಣಸೂರಿನಿಂದ ಹಳ್ಳಿಗಳಿಗೆ ಒಯ್ದು, ಕಾರ್ಯ ಮುಗಿದ ಮೇಲೆ ತಂದು ಹಾಕುವುದು ಅವನ ಕೆಲಸ. ಜೊತೆಗೆ ಲೋಡು ಮಾಡಲು, ಗಳ ನೆಡಲು ಜೋಗಯ್ಯ ಇರುತ್ತಿದ್ದ. ಹನಗೋಡಿನಾಚೆ, ಕಾಡಂಚಿನ ಹಾಡಿಯವನು. ಮಾತು ಕಡಿಮೆ, ತೋಳು ಗಟ್ಟಿ. ಹಿಂದುಗಡೆ ಶಾಮಿಯಾನದ ಮೂಟೆಗಳ ಮೇಲೆ ಮಲಗಿದರೆ ಊರು ಬರುವವರೆಗೆ ಏಳುತ್ತಿರಲಿಲ್ಲ.

ಡ್ರೈವರಿಕೆಯಲ್ಲಿ ಒಂದು ಗುಟ್ಟಿದೆ, ಅದು ಎಲ್ಲರಿಗೂ ಗೊತ್ತು. ಸೀಟಿನ ಕೆಳಗೆ ಒಂದು ಮಾರು ರಬ್ಬರು ಪೈಪು. ದಾರಿಯಲ್ಲಿ ಮರದ ನೆರಳಿಗೆ ನಿಲ್ಲಿಸಿ, ಪೈಪು ಟ್ಯಾಂಕಿಗೆ ಇಳಿಬಿಟ್ಟು, ಒಮ್ಮೆ ಬಾಯಲ್ಲಿ ಎಳೆದರೆ ಕ್ಯಾನು ತುಂಬುತ್ತದೆ. ಯಜಮಾನರುಗಳಿಗೂ ಇದು ಗೊತ್ತು. ಸ್ವಲ್ಪ ಸ್ವಲ್ಪ ಆದರೆ ಕಣ್ಣು ಮುಚ್ಚುತ್ತಾರೆ, ಜಾಸ್ತಿಯಾದರೆ ಡ್ರೈವರನ್ನು ಬದಲಾಯಿಸುತ್ತಾರೆ. ಕನಕರಾಜುವಿನ ಸೀಟಿನ ಕೆಳಗೆ ಜಾಕು, ಸ್ಪ್ಯಾನರು, ಒಂದು ಹಳೇ ಟವೆಲು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಇದು ಅವನ ದೊಡ್ಡಸ್ತಿಕೆ. ಆಸ್ತಿಯಿಲ್ಲ, ಓದಿಲ್ಲ, ನೋಡಲೂ ಅಂಥ ರೂಪವಿಲ್ಲ. ಎದೆ ಸೆಟೆಸಿ ನಡೆಯಲು ಇದ್ದದ್ದು ಅದೊಂದೇ: ಹುಣಸೂರು, ಕೋಟೆ, ಸರಗೂರು, ಕೆ.ಆರ್. ನಗರ, ಎಲ್ಲಿ ಕೇಳಿದರೂ ಕನಕ ಒಂದು ತೊಟ್ಟು ಮುಟ್ಟಿದವನಲ್ಲ ಎನ್ನುವ ಹೆಸರು.

ಹಳೇ ಪಿಕಪ್ಪು ಸವೆದುಹೋಗಿ, ಚನ್ನಬಸವಣ್ಣನವರು ಹೊಸದನ್ನು ತಂದರು. ಹೊಸದೆಂದರೆ ಅಂತಿಂಥ ಹೊಸದಲ್ಲ, ಹೈಬ್ರಿಡ್. ಹೈಬ್ರಿಡ್ ಎಂದರೆ ಜೋಳ, ಟೊಮೆಟೊ ಎಂದು ತಿಳಿದಿದ್ದ ಬೀದಿಯವರೆಲ್ಲ ಬಂದು ಬಾನೆಟ್ಟಿನೊಳಗೆ ಇಣುಕಿದರು. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು. ಯಾವಾಗ ಯಾವುದು ಬೇಕೋ ಗಾಡಿಯೇ ಆರಿಸಿಕೊಳ್ಳುತ್ತದಂತೆ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮಲ್ಲಾಜಮ್ಮನವರು ಆರತಿ ಎತ್ತಿದರು. ಅವರು ಚನ್ನಬಸವಣ್ಣನವರ ಹೆಂಡತಿ, ಅಂಗಡಿಯ ಅರ್ಧ ಯಜಮಾನಿಕೆ ಅವರದ್ದೇ.

ಮೈಸೂರಿನ ಶೋರೂಮಿನಿಂದ ಬಂದಿದ್ದ ಇಸ್ತ್ರಿ ಅಂಗಿಯ ಹುಡುಗ ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದ. "ಕ್ಲಚ್ಚಿಲ್ಲ, ಗೇರ್ ಹಾಕೋದಿಲ್ಲ ಅಂಕಲ್. 'ಡಿ' ಅಕ್ಷರಕ್ಕೆ ಹಾಕಿ, ಹೋಗ್ತಾ ಇರಿ. ಇಳಿಜಾರಲ್ಲಿ ಬ್ಯಾಟರಿ ತಾನೇ ಚಾರ್ಜ್ ಆಗುತ್ತೆ. ಲೀಟರಿಗೆ ಇಪ್ಪತ್ತು ಗ್ಯಾರಂಟಿ."

ಕನಕರಾಜು ಕೇಳಿಸಿಕೊಂಡದ್ದರಲ್ಲಿ ಅವನ ಮನಸ್ಸಿಗೆ ಹತ್ತಿದ್ದು ಇಳಿಜಾರು ಎನ್ನುವ ಮಾತು. ಇಳಿಜಾರಿನಲ್ಲಿ ಅದೇ ಚಾರ್ಜಾಗುತ್ತದೆ ಎಂದ ಮೇಲೆ ಅದರ ಪಾಡಿಗೆ ಅದನ್ನು ಬಿಡಬೇಕು ಎಂದುಕೊಂಡ. ಬಿಡುವುದೆಂದರೆ ಅವನ ಲೆಕ್ಕದಲ್ಲಿ ಒಂದೇ. ಗೇರಿನ ಗುಬಟಿನ ಪಕ್ಕ ಬರೆದಿದ್ದ ಅಕ್ಷರಗಳಲ್ಲಿ ಅವನಿಗೆ ಗುರುತಿನದೆಂದರೆ ನ್ಯೂಟ್ರಲ್ಲಿನ ಎನ್. ಪರವೂರಿನಲ್ಲಿ ನೆಂಟನನ್ನು ಕಂಡಷ್ಟು ಖುಷಿಯಾಯಿತು. ಇನ್ನು ಮುಂದಿದ್ದ ಟಿವಿಯಂಥ ಪರದೆಯಲ್ಲಿ ಬಣ್ಣಬಣ್ಣದ ಬಾಣಗಳು ಓಡಾಡಿ ಕಣ್ಣಿಗೆ ಹೊಡೆಯುತ್ತಿದ್ದವು. ಅದೂ ಬ್ಯಾಟರಿ ತಿನ್ನುತ್ತದೋ ಏನೋ ಎಂದು ಅನುಮಾನಪಟ್ಟು, ಹಳೇ ಟವೆಲನ್ನು ಅದರ ಮೇಲೆ ಹೊದಿಸಿದ.

ಮೊದಲ ತಿಂಗಳು ಲೀಟರಿಗೆ ಹದಿನೈದೂ ಬರಲಿಲ್ಲ.

ಹೊಸ ಗಾಡಿ, ಇಂಜಿನ್ನು ಸಡಿಲ ಆಗಬೇಕು ಎಂದರು. ಎರಡನೇ ತಿಂಗಳೂ ಅಷ್ಟೇ. ಚನ್ನಬಸವಣ್ಣನವರು ಪರದೆ ತೋರಿಸುವ ಮೈಲೇಜನ್ನು ನಂಬುವವರಲ್ಲ. ಅದು ಹೇಗೂ ಪ್ರತಿ ಸಲ ಗಾಡಿ ಆರಿಸಿದಾಗ ಅಳಿಸಿಹೋಗುತ್ತಿತ್ತು. ಬಂಕಿನಲ್ಲಿ ಕತ್ತಿನವರೆಗೆ ತುಂಬಿಸಿ, ಓಡಿಸಿ, ಮತ್ತೆ ಕತ್ತಿನವರೆಗೆ ತುಂಬಿಸಿ ನೋಡುವುದೇ ಅವರ ಲೆಕ್ಕ. ಕೊನೆಗೆ ಶೋರೂಮಿಗೇ ಕಳಿಸಿದರು. ಅಲ್ಲಿನ ಡ್ರೈವರು ಮೈಸೂರಿನ ಹೆದ್ದಾರಿಯಲ್ಲಿ ಓಡಿಸಿ ತಂದುಕೊಟ್ಟ. ಭರ್ತಿ ಇಪ್ಪತ್ತು ಬಂತು. ಗಾಡಿಯಲ್ಲಿ ದೋಷವಿಲ್ಲ ಎಂದು ಹೇಳಿ, ನಗುತ್ತಾ ಕೈಕುಲುಕಿ ಕಳಿಸಿದರು.

ಗಾಡಿಯಲ್ಲಿ ದೋಷವಿಲ್ಲದ ಮೇಲೆ ದೋಷ ಎಲ್ಲಿದೆ? ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಕನಕರಾಜು ಇನ್ನೂ ಹುಷಾರಾದ. ಹುಷಾರಾಗುವುದೆಂದರೆ ಅವನಿಗೆ ಗೊತ್ತಿದ್ದ ದಾರಿ ಒಂದೇ. ಮುಂಚೆ ದೊಡ್ಡ ಇಳಿಜಾರಿಗೆ ಮಾತ್ರ ನ್ಯೂಟ್ರಲ್ ಮಾಡುತ್ತಿದ್ದವನು ಈಗ ಸಣ್ಣಪುಟ್ಟ ತಗ್ಗಿಗೂ ಮಾಡತೊಡಗಿದ. ಮೈಲೇಜು ಹದಿನಾಲ್ಕಕ್ಕೆ ಇಳಿಯಿತು. ಮದ್ದು ಹೆಚ್ಚಿದಷ್ಟೂ ರೋಗ ಹೆಚ್ಚಿತು. ಪಾಪ, ಮದ್ದೇ ರೋಗವೆಂದು ಅವನಿಗೆ ಹೇಳುವವರು ಯಾರು?

ಲೆಕ್ಕದಲ್ಲಿದ್ದ ಒಂದು ವಿಶೇಷವನ್ನು ಮೊದಲು ಕಂಡುಹಿಡಿದವರು ಮಲ್ಲಾಜಮ್ಮ. ಕೆ.ಆರ್. ನಗರದ ಕಡೆ ಹೋಗಿಬಂದ ವಾರ ಗಾಡಿ ಹತ್ತೊಂಬತ್ತರ ಹತ್ತಿರ ಕೊಡುತ್ತದೆ. ಕೋಟೆ, ಸರಗೂರಿನ ಕಡೆ ಹೋದ ವಾರ ಮಾತ್ರ ಕುಸಿಯುತ್ತದೆ. ಕೆ.ಆರ್. ನಗರದ ಕಡೆ ನಾಲೆ, ಗದ್ದೆ ಬಯಲು, ರಸ್ತೆ ಅಂಗೈಯಷ್ಟು ಸಮ. ಕೋಟೆಯ ಕಡೆ ಮೈಲಿಗೊಂದು ಏರು, ಮೈಲಿಗೊಂದು ಇಳಿಜಾರು. ಆದರೆ ಅಡುಗೆ ಪಾತ್ರೆ ಎಣಿಸುವ ಮಲ್ಲಾಜಮ್ಮ ರಸ್ತೆಯ ಏರಿಳಿತ ನೋಡಿದವರಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ. ಸರಗೂರು ಕನಕರಾಜುವಿನ ಹೆಂಡತಿಯ ತವರು.

"ನಾನೇನೂ ಯೋಳ್ತಾ ಇಲ್ಲಪ್ಪ," ಎಂದು ಒಂದು ದಿನ ಗೋಡೌನಿನಲ್ಲಿ ಗಂಡನ ಮುಂದೆ ಹೇಳುತ್ತಿದ್ದದ್ದು ಆಚೆ ಕುರ್ಚಿ ಜೋಡಿಸುತ್ತಿದ್ದ ಕನಕರಾಜುವಿನ ಕಿವಿಗೇ ಬಿತ್ತು. "ಡೀಸೆಲ್ ಆಗಿದ್ರೆ ಗಿರಾಕಿ ಹುಡುಕ್ಬೇಕಿತ್ತು. ಪೆಟ್ರೋಲ್ಗೆ ಎಲ್ರ ಮನೆ ಮುಂದೂ ಬೈಕವೆ. ಅವನ ಬಾಮೈದುನ್ದು ಒಂದು, ಮಗಳ ಸ್ಕೂಟ್ರು ಒಂದು."

"ಸುಮ್ಕಿರು. ಕನಕ ಅಂಥವನಲ್ಲ," ಎಂದರು ಚನ್ನಬಸವಣ್ಣ. ಆದರೆ ಹೇಳುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಸುಮ್ಮನಿದ್ದದ್ದು ಕನಕರಾಜುವಿಗೆ ಕೇಳಿಸಿತು. ಕೈಯಲ್ಲಿದ್ದ ಕುರ್ಚಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತ. ಒಳಗೆ ನುಗ್ಗಿ, ನಾನು ಮುಟ್ಟಿಲ್ಲ ಎನ್ನಬೇಕೆನ್ನಿಸಿತು. ಮುಟ್ಟಿದ್ದೀಯಾ ಎಂದು ಕೇಳದೇ ಇರುವವರ ಮುಂದೆ ಹೋಗಿ ಮುಟ್ಟಿಲ್ಲ ಎನ್ನುವುದು ಹೇಗೆ?

ಅವನ ಮಗಳು ಪ್ರಿಯಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ತನ್ನ ಸಂಬಳದಲ್ಲೇ ಕಂತು ಕಟ್ಟಿ ಸ್ಕೂಟರು ತಗೊಂಡಿದ್ದಳು, ತನ್ನ ದುಡ್ಡಲ್ಲೇ ಪೆಟ್ರೋಲು ಹಾಕಿಸುತ್ತಿದ್ದಳು. ಆ ಸಂಜೆ ಅವಳು ಸ್ಕೂಟರನ್ನು ಜಗಲಿಗೆ ಹತ್ತಿಸುತ್ತಿದ್ದಾಗ ಕನಕರಾಜು ಹೇಳಿದ: "ನಾಳಿಂದ ಬಸ್ಸಲ್ಲಿ ಓಗವ್ವ."

"ಯಾಕಪ್ಪ?"

"ಓಗು ಅಂದ್ರೆ ಓಗು. ಸ್ವಲ್ಪ ದಿವ್ಸ."

ಪ್ರಿಯಾ ಬುದ್ಧಿವಂತೆ. ಅಪ್ಪನ ಮುಖ ನೋಡಿದಳು. "ಯಾರೋ ಏನೋ ಅಂದವ್ರೆ. ಅದ್ಕೆ ನಾನ್ ಸ್ಕೂಟರ್ ನಿಲ್ಸುದ್ರೆ ಅವರು ಅಂದದ್ದು ನಿಜ ಆಗಾಕಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಗಳಿಗೆ ತಿಳಿದದ್ದು ಅಪ್ಪನಿಗೆ ತಿಳಿಯಲಿಲ್ಲವೆಂದಲ್ಲ. ಆದರೆ ಆ ಕೆಂಪು ಸ್ಕೂಟರು ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ಮಲ್ಲಾಜಮ್ಮನವರ ಕಣ್ಣು ಅದರ ಹಿಂದೆಯೇ ಹೋಗುವುದನ್ನು ಅವನು ಕಂಡಿದ್ದ. ಅದನ್ನು ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಪ್ರಿಯಾ ಸ್ಕೂಟರಿಗೆ ಪ್ಲಾಸ್ಟಿಕ್ ಹೊದಿಸಿದಳು. ಅಪ್ಪನ ಜೊತೆ ಎರಡು ದಿನ ಮಾತಾಡಲಿಲ್ಲ.

ಅದಾದ ವಾರವೇ ಸರಗೂರಿನಲ್ಲೊಂದು ಗೃಹಪ್ರವೇಶ ಬಂತು. ಬೆಳಿಗ್ಗೆ ಕನಕರಾಜು ಗಾಡಿ ತೆಗೆಯಲು ಹೋದಾಗ ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಹೊಸ ಮುಚ್ಚಳ ಹಾಕಿತ್ತು. ಬೀಗದ ಮುಚ್ಚಳ. ಚನ್ನಬಸವಣ್ಣ ಪಕ್ಕದಲ್ಲೇ ನಿಂತು ಹಲ್ಲುಕಡ್ಡಿಯಿಂದ ಹಲ್ಲು ತಿವಿದುಕೊಳ್ಳುತ್ತಾ ಬೇರೆ ಕಡೆ ನೋಡುತ್ತಿದ್ದರು.

"ಈಚೀಚ್ಗೆ ರಾತ್ರಿ ಒತ್ತು ನಿಲ್ಸಿದ್ ಗಾಡಿಗಳಿಂದ ಕದೀತಾರಂತೆ ಕಣಪ್ಪ," ಎಂದರು. "ಅದ್ಕೇ ಆಕ್ಸಿದೆ. ಟ್ಯಾಂಕ್ ತುಂಬಿಸಿವ್ನಿ, ಓಗಿಬರಕ್ಕೆ ಸಾಕು."

"ಒಳ್ಳೇದಾಯ್ತು ಬುಡಿ ಯಜಮಾನ್ರೇ," ಎಂದ ಕನಕರಾಜು. ಬೀಗದ ಕೈ ಅವನಿಗೆ ಕೊಡಲಿಲ್ಲ. ಅವನೂ ಕೇಳಲಿಲ್ಲ. ಗೋಡೌನಿನ ಕೀಲಿ, ಗಲ್ಲಾಪೆಟ್ಟಿಗೆಯ ಕೀಲಿ, ಒಮ್ಮೆ ಮಲ್ಲಾಜಮ್ಮನವರು ಆಸ್ಪತ್ರೆ ಸೇರಿದ್ದಾಗ ಮನೆಯ ಬೀರುವಿನ ಕೀಲಿ ಕೂಡ ಈ ಕೈಗೆ ಬಂದುಹೋಗಿದ್ದವು. ಈ ಒಂದು ಮುಚ್ಚಳದ ಕೀಲಿ ಬರಲಿಲ್ಲ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಆ ಮುಚ್ಚಳವೇ ಕೂತಿತ್ತು. ಸರಗೂರಿನಲ್ಲಿ ಶಾಮಿಯಾನ ಎದ್ದಿತು, ಜನ ಉಂಡರು, ಎದ್ದರು. ಮಧ್ಯಾಹ್ನ ಮೇಲೆ ಪಾತ್ರೆ ತುಂಬುವಾಗ ಜೋಗಯ್ಯ ಕೆಳಗಿನಿಂದ ದೊಡ್ಡ ಕೊಪ್ಪರಿಗೆ ಎತ್ತಿಕೊಟ್ಟ, ಮೇಲೆ ನಿಂತಿದ್ದ ಕನಕರಾಜು ಹಿಡಿಯಬೇಕಿತ್ತು. ಹಿಡಿದ, ಆದರೆ ಮನಸ್ಸು ಅಲ್ಲಿರಲಿಲ್ಲ. ಕೊಪ್ಪರಿಗೆಯ ಅಂಚು ಗಾಡಿಯ ಪಕ್ಕದ ತಗಡಿಗೆ ಬಡಿಯಿತು, ನಡುವೆ ಅವನ ಎಡಗೈ ಸಿಕ್ಕಿತು.

ಜೋಗಯ್ಯ ಓಡಿಹೋಗಿ ಗಾಡಿಯ ಪರದೆಯ ಮೇಲಿದ್ದ ಟವೆಲು ಎಳೆದುಕೊಂಡು ಬಂದು ಕೈಗೆ ಸುತ್ತಿದ. ಸರಗೂರಿನ ಡಾಕ್ಟರು ಮೂಳೆ ಮುರಿದಿಲ್ಲ ಎಂದರು. ಕೈಯನ್ನು ದಪ್ಪಗೆ ಕಟ್ಟಿ, ಕುತ್ತಿಗೆಗೆ ಜೋಲಿ ಹಾಕಿ, ಅಲುಗಾಡಿಸಬಾರದು ಎಂದು ಹೇಳಿ ಕಳಿಸಿದರು. ಕ್ಲಚ್ಚಿಲ್ಲದ ಗಾಡಿ, ಗೇರು ಬದಲಾಯಿಸುವ ಕೆಲಸವಿಲ್ಲ. ಒಂದೇ ಕೈಯಲ್ಲಿ ಮೆಲ್ಲಗೆ ಹೋಗಬಹುದು ಎಂದು ಕನಕರಾಜು ಹೊರಟ. ಮಾಡಬಾರದ ಕೆಲಸವೇ. ಆದರೆ ಜೋಗಯ್ಯನಿಗೆ ಓಡಿಸಲು ಬಾರದು, ಪಾತ್ರೆಗಳು ಮರುದಿನ ಬೇರೆಡೆ ಹೋಗಬೇಕು.

ಕೋಟೆ ದಾಟಿದ ಮೇಲೆ ಮೊದಲ ದೊಡ್ಡ ಇಳಿಜಾರು ಬಂತು. ಎಡಗೈ ಜೋಲಿಯೊಳಗೇ ಮಿಡುಕಿತು. ನೋವು ಭುಜದವರೆಗೆ ಹೊಡೆಯಿತು. ನ್ಯೂಟ್ರಲ್ ಮಾಡಲು ಆಗಲಿಲ್ಲ. ಅಯ್ಯೋ, ಇವತ್ತು ಇನ್ನಷ್ಟು ಕುಡಿಯುತ್ತದಲ್ಲ ಎಂದು ಅವನಿಗೆ ಸಂಕಟವಾಯಿತು. ಬ್ರೇಕನ್ನು ಮೆತ್ತಗೆ ಒತ್ತಿಕೊಂಡು ಇಳಿಸಿದ. ಟವೆಲಿಲ್ಲದ ಪರದೆ ಎದುರಿಗೇ ಇತ್ತು. ಅದರಲ್ಲಿ ಚಕ್ರದಿಂದ ಬ್ಯಾಟರಿಯ ಕಡೆಗೆ ಹಸಿರು ಬಾಣ ಓಡುತ್ತಿತ್ತು. ಇಳಿಜಾರು ಮುಗಿಯುವ ಹೊತ್ತಿಗೆ ಬ್ಯಾಟರಿಯ ಚಿತ್ರದಲ್ಲಿ ಒಂದು ಮನೆ ಹೆಚ್ಚಿಗೆ ತುಂಬಿತು. ಮುಂದಿನ ಏರಿಗೆ ಬಾಣ ತಿರುಗಿ ಬ್ಯಾಟರಿಯಿಂದ ಚಕ್ರಕ್ಕೆ ಓಡಿತು. ಇಂಜಿನ್ನಿನ ಸದ್ದೇ ಇಲ್ಲ. ಇಷ್ಟು ದಿನ ಏರಿನಲ್ಲಿ ಗೊರಗೊರ ಎನ್ನುತ್ತಿದ್ದ ಗಾಡಿ ಇವತ್ತು ಬೆಕ್ಕಿನಂತೆ ಹತ್ತಿತು.

ಎರಡನೇ ಇಳಿಜಾರಿಗೂ ಅದೇ. ಮೂರನೆಯದಕ್ಕೆ ಅವನು ಗಾಡಿ ನಿಲ್ಲಿಸಿ, ಬಲಗೈಯನ್ನು ಮೈಗಡ್ಡವಾಗಿ ಚಾಚಿ ಗೇರನ್ನು ಎನ್‌ಗೆ ಹಾಕಿ, ಉರುಳಲು ಬಿಟ್ಟ. ಪರದೆಯ ಬಾಣಗಳೆಲ್ಲ ಸತ್ತವು. ಬ್ಯಾಟರಿಗೆ ಒಂದು ತೊಟ್ಟೂ ಹೋಗಲಿಲ್ಲ.

ಕನಕರಾಜುವಿಗೆ ಎಲ್ಲ ಅರ್ಥವಾಯಿತು. ಇಳಿಜಾರಿನಲ್ಲಿ ದೇವರು ಪುಕ್ಕಟೆ ಕೊಡುತ್ತಿದ್ದದ್ದನ್ನು ಇಷ್ಟು ದಿನವೂ ಅವನ ಕೈಯೇ ಬಾಗಿಲು ಹಾಕಿ ಆಚೆ ನಿಲ್ಲಿಸಿತ್ತು. ಕೈಯ ನೋವು ಮರೆತೇಹೋಯಿತು. ಒಬ್ಬನೇ ನಕ್ಕ. ಕಳ್ಳ ಸಿಕ್ಕಿದ, ಕಳ್ಳ ಈ ಜೋಲಿಯೊಳಗೆ ಕಟ್ಟಿಹಾಕಿಸಿಕೊಂಡು ಕೂತಿದ್ದಾನೆ ಎಂದುಕೊಂಡ. ಹುಣಸೂರು ತಲುಪಿದ ಕೂಡಲೇ ಯಜಮಾನರಿಗೆ ಹೇಳಬೇಕು. ದಡ್ಡ ಎಂದು ಬೈಯಲಿ, ಮೂವತ್ತು ವರ್ಷದ ಡ್ರೈವರಿಕೆಗೆ ಮಣ್ಣು ಹಾಕಲಿ, ಪರವಾಗಿಲ್ಲ. ದಡ್ಡ ಎನ್ನಿಸಿಕೊಂಡು ಬದುಕಬಹುದು.

ಹುಣಸೂರಿಗೆ ಬಂದಾಗ ಚನ್ನಬಸವಣ್ಣ ಅಂಗಡಿಯಲ್ಲಿರಲಿಲ್ಲ. ಕೈ ನೋಡಿದ ಮಲ್ಲಾಜಮ್ಮ ಗಾಬರಿಯಾಗಿ, ಏನು ಹೇಳಲೂ ಬಿಡದೆ, ಆಟೊ ಹತ್ತಿಸಿ ಮನೆಗೆ ಕಳಿಸಿದರು. ಎರಡು ದಿನಕ್ಕೆ ಆಷಾಢ ಹಿಡಿಯಿತು. ಕಾರ್ಯಗಳಿಲ್ಲ, ನೆಮ್ಮದಿಯಾಗಿ ಮಲಗು ಎಂದು ಯಜಮಾನರಿಂದಲೂ ಫೋನು ಬಂತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಅವನು ಸುಮ್ಮನಾದ. ಕೈಯ ಬಾವು ಸ್ವಲ್ಪ ಇಳಿದ ಮೇಲೆ, ಬಿಳಿ ಅಂಗಿ ಹಾಕಿಕೊಂಡು, ಮದುವೆ ಮಾತುಕತೆಗೆ ಹೊರಟವನ ಹಾಗೆ ಅಂಗಡಿಗೆ ಹೋದ.

ಚನ್ನಬಸವಣ್ಣ ಅವನನ್ನು ಕಂಡು ಎದ್ದೇ ನಿಂತರು. "ಬಾ ಕನಕ, ಬಾ. ಕೂತ್ಕೊ." ಮಲ್ಲಾಜಮ್ಮ ತಟ್ಟೆಯಲ್ಲಿ ಒಬ್ಬಟ್ಟು, ಮೇಲೆ ತುಪ್ಪ ಹಾಕಿ ತಂದಿಟ್ಟರು. ಅವರ ಮುಖ ಮೆತ್ತಗಾಗಿತ್ತು. ತಿಂಗಳುಗಳಿಂದ ಕಾಣದ ನಗು ಇಬ್ಬರ ಮುಖದಲ್ಲೂ ಇತ್ತು.

"ಅವತ್ತು ಸರಗೂರಿಂದ ಬಂದ್ಯಲ್ಲ, ಟ್ಯಾಂಕ್ ತುಂಬಿಸ್ದೆ," ಎಂದರು ಚನ್ನಬಸವಣ್ಣ. "ಹದಿನಾರೂ ಚಿಲ್ರೆ. ಓಗೋವಾಗ ಬರೋವಾಗ ಎಲ್ಲ ಸೇರಿ."

"ಅದೇ ಯೋಳಾಕ್ ಬಂದೆ ಯಜಮಾನ್ರೇ..."

"ಏನೂ ಯೋಳ್ಬೇಡ." ಚನ್ನಬಸವಣ್ಣ ಕೈ ಎತ್ತಿದರು. "ನಾನೇನಾರ ಕೇಳಿದ್ನಾ? ಇಷ್ಟ್ ವರ್ಷದಲ್ಲಿ ಒಂದ್ ದಿವ್ಸ ಕೇಳಿವ್ನಾ? ಆದದ್ದು ಆಯ್ತು."

ಒಬ್ಬಟ್ಟಿನ ತುಂಡು ಕನಕರಾಜುವಿನ ಬಾಯಲ್ಲೇ ನಿಂತಿತು. ಆಗ ಅವನಿಗೆ ಹೊಳೆಯಿತು. ಬೀಗ ಬಿದ್ದ ದಿನವೇ ಮೈಲೇಜು ಏರಿದೆ. ಮಗಳ ಸ್ಕೂಟರು ನಿಂತ ವಾರವೇ ಏರಿದೆ. ತಾನೇ ಯಜಮಾನನಾಗಿದ್ದರೆ ತಾನೂ ಇನ್ನೇನೆಂದುಕೊಳ್ಳುತ್ತಿದ್ದೆ?

ಎಲ್ಲವನ್ನೂ ಹೇಳಿದ. ನ್ಯೂಟ್ರಲ್ಲು, ಬಾಣ, ಟವೆಲು, ಜೋಲಿ. ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ಸುಳ್ಳಾಗಿ ಕೇಳಿಸತೊಡಗಿತು. ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದವನು ಎಷ್ಟು ವಿವರವಾಗಿ ಮಜ್ಜಿಗೆಯ ರುಚಿ ಹೇಳಿದರೇನು? ಚನ್ನಬಸವಣ್ಣ ತಾಳ್ಮೆಯಿಂದ ಕೇಳಿದರು. ಅವನ ಮನಸ್ಸು ನೋಯಬಾರದೆಂದು ಶೋರೂಮಿನ ಹುಡುಗನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟರು.

"ನ್ಯೂಟ್ರಲ್ ಹಾಕಿದ್ರೆ ಒಂಚೂರು ಕಮ್ಮಿಯಾಗುತ್ತೆ ಸಾರ್," ಎಂದಿತು ಫೋನು. "ಆದ್ರೆ ಆರು ಕಿಲೋಮೀಟರ್ ಕಮ್ಮಿಯಾಗೋಕೆ ಚಾನ್ಸಿಲ್ಲ. ಬೇರೆ ಏನೋ ಇರ್ಬೇಕು."

ಬೇರೆ ಏನೋ. ಆ ಹುಡುಗ ಸರಗೂರಿನ ರಸ್ತೆ ಕಂಡವನಲ್ಲ, ಪ್ರತಿ ತಗ್ಗಿಗೂ ನ್ಯೂಟ್ರಲ್ ಮಾಡುವ ಕೈಯನ್ನಂತೂ ಕನಸಿನಲ್ಲೂ ಕಂಡಿರಲಾರ. ಚನ್ನಬಸವಣ್ಣ ಫೋನು ಕೆಳಗಿಟ್ಟು, ಅವನ ಮುಖ ನೋಡದೆ, "ಆಯ್ತಲ್ಲ, ಅದೇ ಕಾರಣ ಅಂತ್ಲೇ ಇಟ್ಕೊಳ್ಳೋಣ ಬುಡು," ಎಂದರು.

"ಇಟ್ಕೊಳೋದಲ್ಲ ಯಜಮಾನ್ರೇ. ಅದೇ ಕಾರಣ." ಕನಕರಾಜು ಎದ್ದು ನಿಂತ. ಒಂದು ದಾರಿ ಹೊಳೆದಿತ್ತು. "ಬೀಗ ಅಂಗೇ ಇರ್ಲಿ. ಕೀಲಿ ನಿಮ್ಮತ್ರನೇ ಇರ್ಲಿ. ನಾನು ಮೊದ್ಲಿನಂಗೆ ನ್ಯೂಟ್ರಲ್ ಆಕ್ಕೊಂಡು ಒಂದ್ ಸಲ ಸರಗೂರ್ಗೆ ಓಗ್ಬತ್ತೀನಿ. ಹದಿನಾಲ್ಕೇ ಬತ್ತದೆ. ಆಗ ನಿಮ್ಗೇ ಗೊತ್ತಾಯ್ತದೆ."

"ಬೀಗ ಎಲ್ಲದೆ ಕನಕ? ತೆಗ್ಸಾಕ್ದೆ." ಚನ್ನಬಸವಣ್ಣ ಹೊರಗೆ ಕೈ ತೋರಿಸಿದರು. ಗಾಡಿಯ ಟ್ಯಾಂಕಿಗೆ ಹಳೇ ಮುಚ್ಚಳವೇ ಇತ್ತು. "ಮನೆ ಮಗನಂಗಿರೋನ್ಗೆ ಬೀಗ ಆಕ್ಸಿದ್ದೇ ನನ್ ತಪ್ಪು. ರಾತ್ರಿಯೆಲ್ಲ ನಿದ್ದೆ ಬರ್ನಿಲ್ಲ."

"ಆಕ್ಸಿ ಯಜಮಾನ್ರೇ. ದಮ್ಮಯ್ಯ, ಒಂದೇ ಒಂದ್ ಸಲ ಆಕ್ಸಿ."

ಮಲ್ಲಾಜಮ್ಮನವರ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡರು. "ನೋಡಿ, ಎಷ್ಟ್ ನೊಂದ್ಕೊಂಡವ್ನೆ. ಅಂಗೆಲ್ಲ ನಿನ್ ಮ್ಯಾಲೆ ನೀನೇ ಬೀಗ ಆಕ್ಕೋಬೇಡ ಕನಕ. ಮನ್ಸಾ ಅಂದ್ಮ್ಯಾಲೆ ಒಂದ್ ಗಳಿಗೆ ಬುದ್ಧಿ ಎತ್ಲಾಗೋ ಓಯ್ತದೆ. ಈಗ ಸರಿಯಾದ್ಯಲ್ಲ, ಅಷ್ಟು ಸಾಕು. ನಮ್ ಬಾಯಿಂದ ಈ ಮಾತು ಆಚೆ ಓಗಾಕಿಲ್ಲ."

"ಅಂಗಾದ್ರೆ ನೀವೇ ಒಂದ್ ಸಲ ನನ್ ಪಕ್ಕ ಕೂತ್ಕೊಂಡು ಬನ್ನಿ ಯಜಮಾನ್ರೇ."

"ನಿನ್ನ ಪರೀಕ್ಷೆ ಮಾಡಾಕೆ ನಾನ್ ಪಕ್ಕ ಕೂತ್ಕೋಬೇಕಾ? ಅಂಥ ಅವಮಾನ ನಿಂಗೆ ಮಾಡಾಕಿಲ್ಲ ಕಣಪ್ಪ," ಎಂದು ಚನ್ನಬಸವಣ್ಣ ಅವನ ಬೆನ್ನು ತಟ್ಟಿದರು. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು, ಕೆಲಸ ಬಿಟ್ಟು ಹೋಗಬಹುದಿತ್ತು, ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೈಯಬಹುದಿತ್ತು. ಕ್ಷಮಿಸಿಬಿಟ್ಟವನ ಜೊತೆ ಏನು ಮಾಡಬೇಕು? ಕನಕರಾಜು ತಟ್ಟೆಯಲ್ಲಿ ಉಳಿದಿದ್ದ ಒಬ್ಬಟ್ಟನ್ನು ತಿಂದ. ತಿನ್ನದಿದ್ದರೆ ಕೋಪ ಎನ್ನುತ್ತಾರೆ, ತಿಂದರೆ ಒಪ್ಪಿಕೊಂಡ ಎನ್ನುತ್ತಾರೆ. ತಿಂದು ಕೈ ತೊಳೆದ.

ಆಮೇಲಿನ ದಿನಗಳು ಅತ್ತ ದರಿ ಇತ್ತ ಪುಲಿ. ಗಾಡಿಯನ್ನು ಅದು ಹೇಳಿದಂತೆ ಓಡಿಸಿದರೆ ಲೀಟರಿಗೆ ಹತ್ತೊಂಬತ್ತು ಬರುತ್ತದೆ. ಒಂದೊಂದು ಹತ್ತೊಂಬತ್ತೂ, ಮುಂಚಿನ ಹದಿನಾಲ್ಕು ಕಳ್ಳತನವೇ ಎಂದು ಸಾರಿದಂತೆ. ಬೇಕೆಂದೇ ನ್ಯೂಟ್ರಲ್ ಹಾಕಿ ಹದಿನಾಲ್ಕಕ್ಕೆ ಇಳಿಸೋಣವೆಂದರೆ, ಬೀಗ ತೆಗೆದ ತಕ್ಷಣ ಮತ್ತೆ ಶುರು ಮಾಡಿದ ಎನ್ನುತ್ತಾರೆ. ಅದೂ ಸಾಲದೆಂದು ಕೈ ಬೇರೆ. ಗುಣವಾದ ಎಡಗೈ ಇಳಿಜಾರು ಬಂದಾಗಲೆಲ್ಲ ಗೇರಿನ ಕಡೆಗೆ ಹಾರುತ್ತಿತ್ತು. ಅದನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತು ಓಡಿಸಿದ. ಚನ್ನಬಸವಣ್ಣ ಬಂಕಿನಿಂದ ಬಂದಾಗಲೆಲ್ಲ ಹುರುಪಿನಿಂದ, "ನೋಡ್ದಾ, ಈಗ ಎಂಗೆ ಕೊಡ್ತಾ ಅದೆ," ಎನ್ನುತ್ತಿದ್ದರು. ಅವನು ಹೂಂ ಎನ್ನುತ್ತಿದ್ದ. ಪ್ರತಿಯೊಂದು ಹೂಂ ಅವನ ಎದೆಯ ಮೇಲೆ ಕೂರುತ್ತಿತ್ತು.

ಹನಗೋಡಿನ ಕಡೆ ಒಂದು ತಿಥಿ ಇತ್ತು. ಹಿಂದೆ ಲೋಡು ಕತ್ತಿನವರೆಗೆ ತುಂಬಿ ಜಾಗವಿಲ್ಲದೆ ಜೋಗಯ್ಯ ಮುಂದೆ ಬಂದು ಕೂತ. ಗಾಡಿ ಹುಣಸೂರು ದಾಟಿ ಹೊಲಗಳ ನಡುವೆ ಹೋಗುತ್ತಿದ್ದಾಗ, ಇವನಿಗೆ ತಿಳಿಯದ್ದೇನಿದೆ ಎಂದು ಕನಕರಾಜುವಿಗೆ ಹೊಳೆಯಿತು. ಎಲ್ಲ ದಾರಿಯಲ್ಲೂ ಜೊತೆಗಿದ್ದವನು ಇವನೊಬ್ಬನೇ. ಇವನಾದರೂ ಒಂದು ಮಾತು ಹೇಳಿದರೆ ಯಜಮಾನರು ನಂಬಬಹುದು.

"ಜೋಗಯ್ಯ, ನೀನಾದ್ರೂ ಯಜಮಾನ್ರಿಗೆ ಯೋಳ್ಲಾ. ದಾರೀಲಿ ಎಲ್ಲಾರ ನಾನು ಗಾಡಿ ನಿಲ್ಸಿ ಪೆಟ್ರೋಲ್ ತೆಗ್ದಿದ್ದ ಕಂಡಿದ್ದೀಯಾ?"

ಜೋಗಯ್ಯ ಕಿಟಕಿಯಿಂದ ಆಚೆ ನೋಡಿದ.

"ಯೋಳಿವ್ನಿ ಕಣಣ್ಣ," ಎಂದ. "ಬೀಗ ಆಕ್ಸೋಕ್ ಮುಂಚೆನೇ ಅವ್ರು ನನ್ನ ಕರ್ದು ಕೇಳಿದ್ರು. ಇಲ್ಲ ಬುದ್ಧಿ, ಕನಕಣ್ಣ ಒಂದ್ ತೊಟ್ಟೂ ಮುಟ್ಟಾಕಿಲ್ಲ ಅಂದೆ. ನಾನ್ ಇಂದ್ಗಡೆ ಮಲ್ಗಿರ್ತೀನಿ, ನಂಗೇನ್ ಕಾಣ್ತದೆ? ಆದ್ರೂ ಅಂದೆ. ಮಾದೇಶ್ವರನ್ ಆಣೆ ಇಡು ಅಂದ್ರು. ಆಣೆ ಇಡಾಕಾಗ್ನಿಲ್ಲ ಅಣ್ಣ, ತಲೆ ಬಗ್ಗಿಸ್ಕೊಂಡು ನಿಂತ್ಕೊಂಡೆ."

ಕನಕರಾಜು ಅವನ ಕಡೆ ತಿರುಗಿದ. "ಯಾಕ್ಲಾ ಆಗ್ನಿಲ್ಲ?"

"ಸುಳ್ಳಾಣೆ ಇಟ್ರೆ ಮಕ್ಳು ಮರಿಗೆ ತಟ್ತದಲ್ಲಣ್ಣ." ಜೋಗಯ್ಯ ಸಂಕೋಚದಿಂದ ನಕ್ಕು, ಸಮಾಧಾನ ಮಾಡುವವನಂತೆ ಕನಕರಾಜುವಿನ ತೋಳು ಮುಟ್ಟಿದ. "ನೀನೇನ್ ಬೇಜಾರ್ ಮಾಡ್ಕೋಬೇಡ. ಎಲ್ರೂ ತೆಗೀತಾರೆ, ನೀನ್ ಮಗಳ್ಗೋಸ್ಕರ ತೆಗ್ದೆ. ಅದ್ರಲ್ಲೇನದೆ? ನಿಂಗೋಸ್ಕರ ಬಾಯಲ್ಲಿ ಸುಳ್ ಯೋಳ್ದೆ, ಆಣೆ ಒಂದು ಆಗ್ನಿಲ್ಲ."

ಈ ಲೋಕದಲ್ಲಿ ಅವನ ಪರವಾಗಿ ಸಾಕ್ಷಿ ನುಡಿದವನು ಒಬ್ಬನೇ. ನುಡಿದದ್ದು ನಿಜವನ್ನೇ. ಆದರೆ ಅದನ್ನು ಸುಳ್ಳೆಂದು ತಿಳಿದು, ಪ್ರೀತಿಯಿಂದ ನುಡಿದಿದ್ದ. ಮುಂದೆ ರಸ್ತೆ ಹೊಳೆಯ ಕಡೆಗೆ ಇಳಿಯುತ್ತಿತ್ತು. "ಒಳ್ಳೇದಾಯ್ತು ಬುಡು ಜೋಗಯ್ಯ," ಎಂದು ಕನಕರಾಜು ಬ್ರೇಕಿನ ಮೇಲೆ ಕಾಲಿಟ್ಟ.